ಸಣ್ಣತಿಮ್ಮಪ್ಪ ಗುಡಿಸಿದ ಜಾಗ

ಜಗಳೂರು ಕಡೆಯ ಕುರುಚಲು ಕಾಡಿನಲ್ಲಿ ಸಣ್ಣತಿಮ್ಮಪ್ಪನಷ್ಟು ಪೊರಕೆ ಆಡಿಸಿದವರು ಇನ್ನೊಬ್ಬರಿಲ್ಲ. ಹದಿನೆಂಟು ವರ್ಷದಿಂದ ಆತ ಅಲ್ಲಿ ಬೆಂಕಿ ಕಾಯುವ ವಾಚರ್. ಬೇಸಿಗೆಗೆ ಮುಂಚೆ ಕಾಡಿನ ನಡುವೆ ಅಗಲವಾದ ದಾರಿ ಬಿಡಿಸಿ, ಬಂದ್ರಿ ಸೊಪ್ಪಿನ ಪೊರಕೆ ಹಿಡಿದು, ಒಂದು ಒಣ ಎಲೆಯೂ ಉಳಿಯದ ಹಾಗೆ ಗುಡಿಸಬೇಕು. ಈ ಕಡೆ ಬೆಂಕಿ ಬಿದ್ದರೆ ಆ ಕಡೆ ದಾಟಬಾರದಲ್ಲ. ಮನೆಯಂಗಳದಲ್ಲಿ ಒಂದು ದಿನವೂ ಪೊರಕೆ ಮುಟ್ಟದ ಗಂಡ ಕಾಡನ್ನು ಕನ್ನಡಿ ಮಾಡಿಟ್ಟಿದ್ದಾನೆ ಎಂದು ಹೆಂಡತಿ ದುರುಗಕ್ಕ ಬಂದವರಿಗೆಲ್ಲ ಹೇಳುತ್ತಾಳೆ. ಅದರಲ್ಲಿ ಸುಳ್ಳೇನೂ ಇಲ್ಲ.

ಕೆಲಸ ಇರುವುದು ವರ್ಷಕ್ಕೆ ಆರು ತಿಂಗಳು. ಮಳೆ ಬಿದ್ದ ಮೇಲೆ ಬೆಂಕಿಯೂ ಇಲ್ಲ, ಕೂಲಿಯೂ ಇಲ್ಲ. ಹಾಗಾಗಿ ಮಳೆಗಾಲದಲ್ಲಿ ನಲವತ್ತು ಎಕರೆ ಸಸಿ ನೆಡುತ್ತಾರೆ, ಗುಂಡಿ ತೋಡುವ ಕೆಲಸ ನಿನಗೇ ಎಂಬ ಸುದ್ದಿ ಬಂದಾಗ ಗಂಡ ಹೆಂಡತಿ ಇಬ್ಬರೂ ಹಿಗ್ಗಿದರು. ಜಾಗ ಯಾವುದೆಂದು ತಿಳಿದ ಮೇಲೆ ಸಣ್ಣತಿಮ್ಮಪ್ಪನ ಹಿಗ್ಗು ಇಳಿಯಿತು. ಅದು ಕೊಂಡುಕುರಿಗಳಿರುವ ಜಾಗ. ಆಡಿನಷ್ಟು ಎತ್ತರದ, ಜಿಂಕೆಯಂಥ ಪ್ರಾಣಿ ಅದು. ಗಂಡಿಗೆ ನಾಲ್ಕು ಕೊಂಬು, ಆದರೂ ವಿಪರೀತ ಪುಕ್ಕಲು. ಅಲ್ಲಿನ ಕಾರೆ, ಕಮರದ ಪೊದೆ ಕಿತ್ತರೆ ಅವಕ್ಕೆ ಅಡಗಲು ಬೇರೆ ಎಡೆಯಿಲ್ಲ. ನಕ್ಷೆಯಲ್ಲಿ ಮಾತ್ರ ಆ ಜಾಗ ‘ಖಾಲಿ’ ಎಂದಿತ್ತು.

ನಕ್ಷೆ ಸರಿಯೋ ತಪ್ಪೋ ಎಂದು ನೋಡಲು ಬರುವವಳು ಮೇಘಶ್ರೀ. ಬಡತನ ನೀಗಬೇಕು, ನೀರು ಸಿಗಬೇಕು, ಕಾಡು ಉಳಿಯಬೇಕು ಎಂದು ವಿಶ್ವಸಂಸ್ಥೆ ಜಗತ್ತಿಗೆಲ್ಲ ಹದಿನೇಳು ಗುರಿ ಇಟ್ಟಿದೆಯಷ್ಟೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಕಾಡಿನ ಕೆಲಸ ಯಾವ ಗುರಿಗೆ ಎಷ್ಟು ಸೇರುತ್ತದೆಂದು ಬರೆಯುವುದು ಅವಳ ನೌಕರಿ. ಅವಳು ‘ಖಾಲಿಯಲ್ಲ’ ಎಂದು ಬರೆದರೆ ಗುಂಡಿ ತೋಡುವಂತಿಲ್ಲ. ಆದರೆ ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಬೇಕು.

ಕೊಂಡುಕುರಿ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಆದರೆ ಅದಕ್ಕೊಂದು ಶಿಸ್ತುಂಟು: ಹಿಕ್ಕೆ ಹಾಕಲು ಮತ್ತೆ ಮತ್ತೆ ಒಂದೇ ಜಾಗಕ್ಕೆ ಬರುತ್ತದೆ. ಅಂಥದೊಂದು ಹಿಕ್ಕೆಗುಡ್ಡೆ ದಾರಿಯ ಮಗ್ಗುಲಲ್ಲೇ ಇತ್ತು. ಪ್ರತಿ ವರ್ಷ ಸಣ್ಣತಿಮ್ಮಪ್ಪ ಅದಕ್ಕೆ ಒಂದು ಮಾರು ಬಿಟ್ಟು ಗುಡಿಸುತ್ತಿದ್ದ. ಅದನ್ನು ತೋರಿಸಿದರಾಯಿತು ಎಂದು ನಿಶ್ಚಿಂತನಾಗಿದ್ದ.

ಮೇಘಶ್ರೀ ಬರುವ ಹಿಂದಿನ ದಿನ, ಮೇಡಂ ನಿಲ್ಲಲು ಜಾಗ ಬೇಕಲ್ಲ ಎಂದು ದಾರಿಯ ಮಗ್ಗುಲನ್ನೂ ಗುಡಿಸಿದ. ತಲೆಯೆಲ್ಲ ನಾಳೆ ಆಡುವ ಮಾತಿನಲ್ಲಿ ಮುಳುಗಿತ್ತು. ಹೀಗೆ ಕರೆದುಕೊಂಡು ಬರಬೇಕು, ಹೀಗೆ ಗುಡ್ಡೆ ತೋರಿಸಬೇಕು ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಆ ಗುಡ್ಡೆಯನ್ನೇ ಗುಡಿಸಿ ಹಾಕಿದ. ಗೊತ್ತಾದದ್ದು ಮರುದಿನ, ಅವಳನ್ನು ಅಲ್ಲಿ ನಿಲ್ಲಿಸಿದಾಗ. ನೆಲ ಹೊಳೆಯುತ್ತಿತ್ತು.

ಕಂಡದ್ದನ್ನೇ ಬರೆಯಬೇಕು, ಫೋಟೊ ಇದೆಯಾ ಎಂದು ಅವಳು ಕೇಳಿದಳು. ಆತನದು ಬಟನ್ ಫೋನು. ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ.

“ಗುಡಿಸಿದ್ದು ನಾನೇ ಮೇಡಂ. ಅವು ಜಾಗ ಮರೆಯಲ್ಲ. ಮೂರು ದಿನ ಬಿಟ್ಟು ಬರ್ರಿ.”

ಚನ್ನಗಿರಿಯ ಕೆಲಸ ಮುಗಿಸಿ ಗುರುವಾರ ಬರುತ್ತೇನೆ, ಶುಕ್ರವಾರ ವರದಿ ಕಳಿಸಲೇಬೇಕು ಎಂದು ಹೇಳಿ ಅವಳು ಹೋದಳು.

ಮನುಷ್ಯನ ವಾಸನೆ ಬಡಿದರೆ ಅವು ಬರುವುದಿಲ್ಲವೆಂದು ಸಣ್ಣತಿಮ್ಮಪ್ಪ ಆ ಕಡೆ ಸುಳಿಯಲಿಲ್ಲ. ದುರುಗಕ್ಕನಿಗೆ ವಿಷಯ ತಿಳಿದು ಸಿಟ್ಟು ನೆತ್ತಿಗೇರಿತು. ಗುಡಿಸಿದ್ದು ಒಳ್ಳೆಯದೇ ಆಯಿತು, ಬಾಯಿ ಮುಚ್ಚಿಕೊಂಡಿದ್ದರೆ ಮಳೆಗಾಲ ಕಳೆಯುತ್ತಿತ್ತು ಎಂದಳು.

“ಆ ಕುರಿ ನಮಗೇನು ಅನ್ನ ಹಾಕ್ತೈತಾ?”

ಇನ್ನೊಂದು ಸಲ ಹೋಗಿ ಪೊರಕೆ ಆಡಿಸಿ ಬಂದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆ ಆತನಿಗೂ ಬಂತು. ಅವು ಬಂದರೆ ಕೆಲಸ ಹೋಯಿತು, ಬರದಿದ್ದರೆ ಅವೇ ಹೋದವು. ಎರಡಕ್ಕೂ ಹೆದರಿಕೊಂಡೇ ಮೂರು ದಿನ ಕಳೆದ.

ಗುರುವಾರ ಬೆಳಗ್ಗೆ ಮೇಘಶ್ರೀಯ ಜೊತೆಗೇ ಹೋದ. ಅದೇ ಜಾಗದಲ್ಲಿ ಒಂದು ಬೊಗಸೆಯಷ್ಟು ಹಿಕ್ಕೆ ಬಿದ್ದಿತ್ತು, ಕಪ್ಪಗೆ, ಇನ್ನೂ ಹಸಿಯಾಗಿ. ಸಣ್ಣತಿಮ್ಮಪ್ಪನಿಗೆ ಅಳು ಬಂದಂತಾಯಿತು. ಅವಳು ಮಂಡಿಯೂರಿ ಫೋಟೊ ತೆಗೆದು, ಹದಿನೈದನೇ ಗುರಿ, ಅಂದರೆ ಕಾಡು ಮತ್ತು ಕಾಡುಪ್ರಾಣಿಗಳ ಗುರಿಯ ಎದುರು ‘ಖಾಲಿಯಲ್ಲ’ ಎಂದು ಬರೆದಳು. ಆತ ತನ್ನ ಕೈಯನ್ನು ಇನ್ನು ನಂಬುವ ಹಾಗಿಲ್ಲವೆಂದು ಹಿಕ್ಕೆಯ ಸುತ್ತ ಕಲ್ಲು ಜೋಡಿಸತೊಡಗಿದ.

ಎಂಟನೇ ಗುರಿ ಉದ್ಯೋಗದ್ದು. ಮಳೆಗಾಲದಲ್ಲಿ ಇಲ್ಲಿ ಎಷ್ಟು ಜನಕ್ಕೆ ಕೆಲಸ ಸಿಗುತ್ತದೆ ಎಂಬ ಕಾಲಮ್ಮು ಅದರಲ್ಲಿತ್ತು. ಗುಂಡಿ ತೋಡುವ ಕೆಲಸ ಯಾರಿಗಿತ್ತು ಎಂದು ಅವಳು ಸುಮ್ಮನೆ ಕೇಳಿದಳು.

“ನನಗೇ.”

ಅವಳ ಬೆರಳು ಆ ಕಾಲಮ್ಮಿನ ಮೇಲೇ ನಿಂತಿತು. ಸಣ್ಣತಿಮ್ಮಪ್ಪ ಇನ್ನೊಂದು ಕಲ್ಲು ಇಡುತ್ತ ಹೇಳಿದ:

“ಕಂಡದ್ದನ್ನೇ ಬರೀಬೇಕು ಅಂದಿದ್ರಲ್ಲ ಮೇಡಂ. ಅದನ್ನೂ ಬರೀರಿ.”

ಅವಳು ಸೊನ್ನೆ ಬರೆದಳು.