ತುರ್ಕುವಿನ ಸ್ಪಂಜು, ಗುರುಪುರದ ಹೀರೇನಾರು

ಕಳೆದ ಆಗಸ್ಟ್ ಎರಡನೇ ವಾರದ ಒಂದು ಬೆಳಿಗ್ಗೆ, ಫಿನ್ಲೆಂಡಿನ ತುರ್ಕು ನಗರದ ಪ್ರಯೋಗಾಲಯವೊಂದರಲ್ಲಿ, ಇಲಿಯ ಬೆನ್ನಿನ ಚರ್ಮದಡಿ ಹೊಲಿದಿಟ್ಟಿದ್ದ ಸ್ಪಂಜಿನ ತುಂಡನ್ನು ಹೊರತೆಗೆದು ನನ್ನ ಮುಂದಿನ ತಟ್ಟೆಯಲ್ಲಿ ಇಟ್ಟರು. ಒಳಗೆ ಇಡುವಾಗ ಅದು ಬೆಳ್ಳಗೆ, ಹಗುರವಾಗಿತ್ತು. ಈಗ ಕೆಂಪಗೆ, ಒದ್ದೆಯಾಗಿ, ಮಾಂಸದಂತೆ ಭಾರವಾಗಿತ್ತು. ಅದೇ ಬಗೆಯ ಸ್ಪಂಜಿನಲ್ಲಿ ಅವತ್ತು ಬೆಳಿಗ್ಗೆ ನಾನು ಕಾಫಿ ಲೋಟ ತೊಳೆದು ಬಂದಿದ್ದೆ.

ನಾನು ಹುಟ್ಟಿದ್ದು ಕೆ.ಆರ್. ನಗರದ ಕಡೆಯ ಮಿರ್ಲೆಯಲ್ಲಿ. ಅವ್ವ ತೀರಿಕೊಂಡ ಮೇಲೆ, ಅಕ್ಕನನ್ನು ಕೊಟ್ಟಿರುವ ಹುಣಸೂರು ತಾಲ್ಲೂಕಿನ ಗುರುಪುರವೇ ನನ್ನ ಮನೆ. ಮೈಸೂರಿನಲ್ಲಿ ಲ್ಯಾಬ್ ಟೆಕ್ನೀಷಿಯನ್ ಆಗಿದ್ದವಳು ತುರ್ಕುವಿಗೆ ಒಪ್ಪಂದದ ಮೇಲೆ ಬಂದೆ. ಹೊರತೆಗೆದ ಸ್ಪಂಜನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿ ಗಾಜಿನ ಮೇಲೆ ಕೂರಿಸುವುದು ನನ್ನ ಕೆಲಸ.

ಗಾಜಿನ ಮೇಲೆ ಏನು ಕಾಣುತ್ತದೆ ಎನ್ನುವುದನ್ನು ಕಲಿಸಿದವಳು ನನಗೆ ಮೇಲಧಿಕಾರಿಯಾಗಿದ್ದ ಸಂಶೋಧಕಿ ಮಾರ್ಯಾ. ಸ್ಪಂಜು ಒಳಗೆ ಹೋದ ಕೂಡಲೇ ಅದರ ತೂತುಗಳಲ್ಲಿ ರಕ್ತದ ದ್ರವ ತುಂಬುತ್ತದೆ. ಹಿಂದೆಯೇ ಬಿಳಿ ರಕ್ತಕಣಗಳು ಬರುತ್ತವೆ. ಆಮೇಲೆ ಅಂಚಿನಿಂದ ನಡುವಿನ ಕಡೆಗೆ ಹೊಸ ಮಾಂಸ, ಹೊಸ ರಕ್ತನಾಳ. ಆದರೆ ಸ್ಪಂಜಿನ ಎಳೆ ಕರಗುವುದಿಲ್ಲ. ಅದು ಸೆಲ್ಯುಲೋಸ್, ಅಂದರೆ ಗಿಡಮರದ ನಾರು. ಅದನ್ನು ಅರಗಿಸುವ ಶಕ್ತಿ ಪ್ರಾಣಿಯ ಮಾಂಸಕ್ಕಿಲ್ಲ. ಜೀವಕೋಶಗಳು ಒಂದಕ್ಕೊಂದು ಬೆಸೆದುಕೊಂಡು, ದೊಡ್ಡದಾಗಿ ಎಳೆಯನ್ನು ಸುತ್ತುವರಿದು ಕುಳಿತುಬಿಡುತ್ತವೆ. ಗಾಯ ಹೇಗೆ ತುಂಬುತ್ತದೆ ಎಂದು ನೋಡಲು ಇದೊಂದು ಕಿಟಕಿ ಎಂದಳು ಮಾರ್ಯಾ. ಅಷ್ಟು ಹೇಳಿ ಕಾಫಿಗೆ ಎದ್ದಳು. ಇಲ್ಲಿ ಮಾತು ಮುಗಿದರೆ ಮುಗಿಯಿತು. ನಮ್ಮ ಕಡೆಯಂತೆ ಬಾಗಿಲವರೆಗೆ ಬಂದು ಮತ್ತೊಂದು ಮಾತು ಶುರುವಾಗುವುದಿಲ್ಲ.

ಮನೆ ಸಿಕ್ಕಿದ್ದು ನಾಲ್ಕನೇ ಮಹಡಿಯಲ್ಲಿ. ಬಟ್ಟೆ ಒಗೆಯಲು ಕೆಳಗೆ ಎಲ್ಲರಿಗೂ ಒಂದೇ ಕೋಣೆ, ಅದಕ್ಕೆ 'ಪೆಸುತುಪ' ಅನ್ನುತ್ತಾರೆ. ಗುರುಪುರದಲ್ಲಿ ಬಟ್ಟೆ ಒಗೆಯುವ ಕಡೆ ಹೋದರೆ ಊರಿನ ಸುದ್ದಿಯೆಲ್ಲ ತಿಳಿಯುತ್ತದೆ. ಇಲ್ಲಿ ಒಬ್ಬರಿಗೊಬ್ಬರು ಸಿಗಬಾರದೆಂದೇ ಹೊತ್ತು ಹಂಚಿದ್ದಾರೆ. ತಪ್ಪಿ ನಾನು ಇನ್ನೊಬ್ಬರ ಹೊತ್ತಿಗೆ ಹೋಗಿಬಿಟ್ಟೆ. ಒಬ್ಬ ಮುದುಕಿ ಬಾಗಿಲಲ್ಲಿ ನಿಂತು, ನನ್ನ ಬಕೆಟನ್ನೇ ನೋಡಿ ಹೋದಳು. ಬೈದಿದ್ದರೆ ಸಮಾಧಾನವಾಗುತ್ತಿತ್ತು. 'ರುಯಿಸ್ಲೇಯಿಪಾ' ಎಂಬ ಇಲ್ಲಿನ ಕಪ್ಪು ಬ್ರೆಡ್ಡು ಮೊದಲು ಹುಳಿಯೆನಿಸಿತು. ಬಸ್ಸಾರಿಗೆ ಅದ್ದಿದ ದಿನ ಗಂಟಲಲ್ಲಿ ಇಳಿಯಿತು. ಅದನ್ನು ಗೆಲುವೆಂದೇ ಲೆಕ್ಕ ಹಾಕಿಕೊಂಡೆ.

ಭಾನುವಾರಗಳಲ್ಲಿ ಅಕ್ಕನ ವಿಡಿಯೋ ಕಾಲ್. ಕೆಲಸವೇನೆಂದು ಕೇಳಿದಾಗ ಒಂದು ಒಣ ಸ್ಪಂಜನ್ನು ತೋರಿಸಿದೆ.

"ಅಯ್ಯೋ, ಪಾತ್ರೆ ಉಜ್ಜಾಕೇನೇ ಸುಮಿ ಅಷ್ಟು ದೂರ ಇಮಾನ ಅತ್ತಿ ಓಗಿದ್ದು? ಇಲ್ಲೇನ್ ಪಾತ್ರೆ ಇರ್ಲಿಲ್ವಾ?"

"ತಮಾಸೆ ಅಲ್ಲ ಕಣಕ್ಕ. ಇದನ್ನ ಇಲಿ ಚರ್ಮದ ಕೆಳಗೆ ಇಟ್ರೆ ಒಳಗೆಲ್ಲ ಮಾಂಸ ತುಂಬ್ಕತದೆ."

"ಏನ್ರೀ, ಕೇಳುದ್ರಾ ಇವಳ ಮಾತ?" ಎಂದು ಭಾವನನ್ನು ಕೂಗಿದಳು. ಆಮೇಲೆ ಕೇಳಿದಳು: "ಯಾತ್ರಲ್ಲಿ ಮಾಡೀರೋದೇ ಅದು?"

"ಮರದ ನಾರಲ್ಲಿ."

"ಓ" ಅಂದಳು. ಮಾತು ಅವರ ಹೊಗೆಸೊಪ್ಪಿನ ಬೆಳೆಯ ಕಡೆ ತಿರುಗಿತು.

ಸೆಪ್ಟೆಂಬರಿನಲ್ಲಿ ಅಕ್ಕನ ಕಾಲು ಸುಟ್ಟಿತು. ಬ್ಯಾರನ್ ಎಂದರೆ ಹೊಗೆಸೊಪ್ಪನ್ನು ಒಣಗಿಸುವ ಎತ್ತರದ ಮನೆ. ಅದರ ನೆಲದಲ್ಲಿ ಬೆಂಕಿಯ ಬಿಸಿ ಹೊತ್ತ ತಗಡಿನ ಕೊಳವೆ ಹಾಯುತ್ತದೆ. ಕಾಲು ಜಾರಿ ಅದರ ಮೇಲೆ ಬಿದ್ದಳು. ಮೀನಖಂಡದ ಪಕ್ಕ ಆಳವಾದ ಗಾಯ. ಅಕ್ಕನಿಗೆ ಸಕ್ಕರೆ ಕಾಯಿಲೆ ಇದೆ. ಗಾಯ ಒಣಗಲಿಲ್ಲ, ನಡುವೆ ಗುಳಿ ಬಿತ್ತು.

"ಹುಣಸೂರಿಗೆ ಹೋಗಿ ತೋರಿಸು" ಎಂದೆ.

"ಬೆಂಕಿ ಬುಟ್ಟು ಎಲ್ಲಿಗ್ ಓಗ್ಲೇ? ಸೊಪ್ಪು ಅರ್ಧ ಬೆಂದದೆ. ಈ ಬ್ಯಾರನ್ ಇಳಿಸ್ಬುಟ್ಟು ಓಯ್ತೀನಿ. ಅಂಗೇ, ನಿನ್ನ ಸ್ಪಂಜ್ ಒಂದು ಕಳ್ಸು."

"ಅದು ಮನುಷ್ಯರ ಗಾಯಕ್ಕೆ ಹಾಕೋದಲ್ಲ ಅಕ್ಕ. ಒಳಗೇ ಹಿಡ್ಕೊಂಬುಡ್ತದೆ. ಏನೂ ಹಾಕ್ಬೇಡ, ಡಾಕ್ಟ್ರ ಹತ್ರ ಹೋಗು."

"ಆಯ್ತು ಬುಡು."

ಆಮೇಲಿನ ವಾರಗಳಲ್ಲಿ ಅವಳ ದನಿ ಗೆಲುವಾಗಿತ್ತು. "ತುಂಬ್ಕೊತಾ ಅದೆ ಕಣೇ" ಎನ್ನುತ್ತಿದ್ದಳು. ಕಾಲು ತೋರಿಸು ಎಂದರೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು, ಫೋನನ್ನು ಎಮ್ಮೆಯ ಕಡೆ ತಿರುಗಿಸುತ್ತಿದ್ದಳು. ಸಕ್ಕರೆ ಇರುವವರ ಗಾಯ ಅಷ್ಟು ಬೇಗ ತುಂಬುವುದಿಲ್ಲ. ನಾನು ಕೆಲಸದ ನಡುವೆ ಎದ್ದು ಕಾರಿಡಾರಿನಲ್ಲಿ ಓಡಾಡತೊಡಗಿದೆ. ಅಲ್ಲಿ ಮಾತಾಡಿದರೆ ಎಲ್ಲರಿಗೂ ಕೇಳುತ್ತದೆಂದು ಫೋನ್ ಹಿಡಿದು ಆಚೆಗೆ ಹೋಗುತ್ತಿದ್ದೆ. ಆಚೆ ಚಳಿ ಶುರುವಾಗಿತ್ತು.

ಅಕ್ಟೋಬರಿನಲ್ಲಿ ಭಾವನೇ ಕರೆ ಮಾಡಿದ. "ಸುಮಿ, ನೋಡವ್ವ, ನಿಮ್ಮಕ್ಕ ಏನ್ ಮಾಡ್ಕೊಂಡವ್ಳೆ" ಎಂದು ಫೋನನ್ನು ಅವಳ ಕಾಲಿನ ಹತ್ತಿರ ಹಿಡಿದ.

ಮೈ ಉಜ್ಜಲೆಂದು ಒಣಗಿಸಿಟ್ಟಿದ್ದ ತುಪ್ಪದ ಹೀರೇಕಾಯಿಯ ನಾರನ್ನು ಅರಿಶಿನದ ನೀರಿನಲ್ಲಿ ಕುದಿಸಿ, ಗುಳಿಯ ಅಳತೆಗೆ ಕತ್ತರಿಸಿ, ಗಾಯದೊಳಗೆ ತುರುಕಿದ್ದಳು. ಈಗ ಅದು ಹೊರಗೆ ಬರುತ್ತಿರಲಿಲ್ಲ. ನಾರಿನ ಎಳೆಗಳ ನಡುವೆ ಕೆಂಪು ಕಾಳಿನಂಥ ಹೊಸ ಮಾಂಸ ಎದ್ದಿತ್ತು. ಅಂಚಿನಲ್ಲಿ ದಟ್ಟವಾಗಿ, ನಡುವೆ ವಿರಳವಾಗಿ. ಅವತ್ತು ಮಧ್ಯಾಹ್ನ ನಾನು ಗಾಜಿನ ಮೇಲೆ ನೋಡಿದ್ದೂ ಅದನ್ನೇ. ಒಂದು ಬದಿಯಲ್ಲಿ ಕೀವಿತ್ತು. ಪಾದ ಊದಿತ್ತು.

"ನಿನ್ನ ಇಲೀಗ್ ಆಯ್ತದೆ, ನಂಗ್ಯಾಕ್ ಆಗಾಕಿಲ್ಲ?" ಎಂದಳು ಅಕ್ಕ. "ನಾನೇನ್ ಇಲಿಗಿಂತ ಕಡೆನಾ?"

"ಎಳೀಬೇಡಿ ಭಾವ. ಎಳೆದ್ರೆ ಮಾಂಸ ಕಿತ್ಕೊಂಡು ಬರ್ತದೆ. ಈಗ್ಲೇ ಮೈಸೂರಿಗೆ ಕರ್ಕೊಂಡ್ ಹೋಗಿ."

"ಬ್ಯಾರನ್ ಬೆಂಕಿ..." ಎಂದಳು ಅಕ್ಕ.

"ಬೆಂಕಿ ಆರ್ಲಿ ಕಣೇ, ಏಳು ಮ್ಯಾಕೆ" ಎಂದ ಭಾವ. ಅವನು ಅವಳ ಮೇಲೆ ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮಾರ್ಯಾಳಿಗೆ ಹೇಳಿದೆ. ಅವಳು ನಗಲಿಲ್ಲ, ಅಯ್ಯೋ ಅನ್ನಲೂ ಇಲ್ಲ. ಮಾಂಸ ತನ್ನ ಕೆಲಸ ಮಾಡಿದೆ, ಯಾರು ಇಟ್ಟರು ಎಂದು ಅದು ಕೇಳುವುದಿಲ್ಲ ಎಂದಳು. ನಮ್ಮ ಸ್ಪಂಜು ಶುದ್ಧ ಮಾಡಿದ್ದು, ಆ ನಾರು ಅಲ್ಲ. ಕೀವು ಮೂಳೆಗೆ ಇಳಿದಿದೆಯೇ ಎನ್ನುವುದೊಂದೇ ಪ್ರಶ್ನೆ ಎಂದಳು. ನಾನು ಆ ಹೊತ್ತಿಗೆ ಬಯಸಿದ್ದು ಸಮಾಧಾನದ ಮಾತು. ಆದರೆ ಬೇಕಾಗಿದ್ದ ಮಾತು ಅವಳಾಡಿದ್ದೇ ಆಗಿತ್ತು. ಭಾವನಿಗೆ ಅದನ್ನೇ ಹೇಳಿದೆ, ಅವನು ಆಸ್ಪತ್ರೆಯಲ್ಲಿ ಅದನ್ನೇ ಕೇಳಿದ.

ಕೀವು ಮೂಳೆಯ ಹತ್ತಿರ ಹೋಗಿದೆ, ಒಳಗೆ ಇಳಿದಿದೆಯೇ ಎಂದು ಕೊಯ್ದು ನೋಡದೆ ಹೇಳಲಾಗದು, ಕಾಲು ಉಳಿಯುತ್ತದೆಂದು ಮಾತು ಕೊಡುವುದಿಲ್ಲ ಎಂದರು ಮೈಸೂರಿನ ಸರ್ಜನ್. ಆಪರೇಷನ್ ದಿನ ನಾನು ಇಲ್ಲಿ ಮೇಣದ ಅಚ್ಚುಗಳನ್ನು ಕತ್ತರಿಸಲು ಕುಳಿತೆ. ಪದರಗಳು ಮುದುರಿಕೊಂಡವು. ಮಾರ್ಯಾ ಬ್ಲೇಡನ್ನು ನನ್ನ ಕೈಯಿಂದ ತೆಗೆದು, ಹೊರಗೆ ಹೋಗು ಎಂದಳು. ಔರಾ ನದಿಯ ದಂಡೆಯಲ್ಲಿ ಸೇತುವೆಯಿಂದ ಸೇತುವೆಗೆ ನಡೆದೆ. ಊರಲ್ಲಾಗಿದ್ದರೆ ಆಸ್ಪತ್ರೆ ಬಾಗಿಲಲ್ಲಿ ನೆಂಟರೆಲ್ಲ ಇರುತ್ತಿದ್ದರು. ಒಬ್ಬರು ಕಾಫಿ ತರುತ್ತಿದ್ದರು, ಇನ್ನೊಬ್ಬರು ಅಕ್ಕನನ್ನು ಬೈಯುತ್ತಿದ್ದರು. ಇಲ್ಲಿ ಎದುರು ಬಂದವರು ನನಗೆ ದಾರಿ ಬಿಟ್ಟು ಹೋದರು.

ಕತ್ತಲಾಗುವ ಹೊತ್ತಿಗೆ ಭಾವನ ಕರೆ ಬಂತು. ಮಾಂಸದ ಸಮೇತ ನಾರನ್ನು ಕೊರೆದು ತೆಗೆದಿದ್ದರು. ಮೂಳೆಯ ಮೇಲ್ಪದರವನ್ನು ಕೆರೆದಿದ್ದರು. ಕಾಲು ಕತ್ತರಿಸಿರಲಿಲ್ಲ.

ಅಕ್ಕನಿಗೆ ಮಾತಾಡುವಷ್ಟು ಬಲ ಬಂದಾಗ ಮೊದಲು ಹೇಳಿದ್ದು: "ನಾರನ್ನ ಎಸೀಬ್ಯಾಡಿ ಅಂದಿವ್ನಿ. ಸೀಸೇಲಿ ಆಕಿಸ್ಕೊಂಡು ಕಳ್ಸ್ಲಾ? ಇಲೀದ್ ನೋಡ್ದಂಗೆ ನಂದೂ ನೋಡ್ಬುಡು."

"ಆಗಲ್ಲ ಅಕ್ಕ. ನಮ್ಮಲ್ಲಿ ಪರ್ಮಿಷನ್ ಇಲ್ದೆ ಮನುಷ್ಯರದ್ದು ತಗೊಳ್ಳಲ್ಲ."

"ನಮ್ಮಲ್ಲಿ ಅಂದ್ರೆ ಎಲ್ಲೇ?"

ಕೇಳಿದವಳೇ ಎಮ್ಮೆಯ ಸುದ್ದಿಗೆ ಹೋದಳು. ಆ ವಾರವೇ ಮಾರ್ಯಾ ನನ್ನ ಒಪ್ಪಂದವನ್ನು ಇನ್ನೊಂದು ವರ್ಷ ಮುಂದುವರಿಸಲೇ ಎಂದು ಕೇಳಿದ್ದಳು. ರಜೆ ಹಾಕಿ ಊರಿಗೆ ಹೋಗಿ ಬಂದ ಮೇಲೆ ಹೇಳುತ್ತೇನೆ ಎಂದಿದ್ದೇನೆ. ಊರಿಗೆ ಹೋದರೆ ಇಲ್ಲಿಗೆ ಮರಳಿ ಬರುತ್ತೇನೆಯೇ ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. ಟಿಕೆಟ್ ಇನ್ನೂ ಮಾಡಿಸಿಲ್ಲ.

ಅಕ್ಕ ಈಗ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾಳೆ. ನಿನ್ನೆ ಡ್ರೆಸ್ಸಿಂಗ್ ಬದಲಿಸುವಾಗ ಗಾಯದ ಕೆಳಗಿನ ಅಂಚಿನಿಂದ ನಾರಿನ ಒಂದು ಎಳೆ ತಾನಾಗಿ ಹೊರಬಂತಂತೆ. ಒಳಗೆ ಇನ್ನೂ ಇರಬಹುದು ಎಂದಿದ್ದಾರೆ ಸರ್ಜನ್. ಬುಧವಾರ ಮತ್ತೆ ಬರಲು ಹೇಳಿದ್ದಾರೆ.