ಅಣ್ಣ ಒತ್ತಿದ ಹೆಬ್ಬೆಟ್ಟು

1986ರಲ್ಲಿ, ಏಳನೆಯ ಇಯತ್ತೆ ಮುಗಿಯುವ ಮೊದಲೇ ನಾನು ಶಾಲೆ ಬಿಟ್ಟೆ. ಅಣ್ಣ ಶಾಲೆಯ ಕಟ್ಟೆಯನ್ನೇ ಹತ್ತಿದವನಲ್ಲ. ಅಪ್ಪ ತೀರಿದ ಮೇಲೆ ಕಮತ ಅವನ ಹೆಗಲಿಗೆ ಬಿತ್ತು. ನಾನು ಓದಿದ ಅಷ್ಟು ವರ್ಷವೂ ಅವನ ದುಡಿಮೆಯದು.

ಟಿಕೋಟಾದಿಂದ ಪಶ್ಚಿಮಕ್ಕೆ ನಮ್ಮೂರು. ಮೊದಲು ಹೊಲದ ಒಂದು ಉತಾರೆ, ಅಂದರೆ ಪಹಣಿ, ಬೇಕಾದರೂ ವಿಜಯಪುರಕ್ಕೆ ಹೋಗಬೇಕಿತ್ತು. ಸಾಹೇಬರಿಲ್ಲ ಎಂದರೆ ಗೋಳಗುಮ್ಮಟದ ಹತ್ತಿರ ಚಹಾ ಕುಡಿದು ತಿರುಗಿ ಬರುತ್ತಿದ್ದೆವು. ಆಮೇಲೆ ಟಿಕೋಟಾ, ಬಬಲೇಶ್ವರ ಬೇರೆ ಬೇರೆ ತಾಲ್ಲೂಕಾದವು. ಕಚೇರಿ ಹತ್ತಿರ ಬಂತು, ಅದರ ಬೆನ್ನಿಗೆ ರಾಜಕೀಯವೂ ಬಂತು. ಕಾಲುವೆಯ ನೀರು ಬಂದು ಬರಡು ಮಡ್ಡಿ ಹೊಲಗಳಲ್ಲಿ ದ್ರಾಕ್ಷಿ ಪಡಗಳು, ಅಂದರೆ ತೋಟಗಳು, ಎದ್ದಮೇಲೆ, ಹಣ್ಣು ಕೊಯ್ಯಲು ಬಂದವರು ಇಲ್ಲೇ ನಿಂತು ಮತದಾರರಾದರು. ಇಂಥ ಮನೆತನದ್ದು ಇಷ್ಟು ಮತ ಎಂದು ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದ ಲೆಕ್ಕ ಕೆಟ್ಟುಹೋಯಿತು.

ನಾನು ದುಡಿದು ಮೇಲೆ ಬಂದವನು, ಯಾರ ಮುಂದೂ ಕೈ ಒಡ್ಡಿದವನಲ್ಲ. ಆ ಸೊಕ್ಕಿನಲ್ಲೇ ಗ್ರಾಮ ಪಂಚಾಯಿತಿಗೆ ನಿಂತೆ. ಸಿಕ್ಕ ಚಿಹ್ನೆ ಹೊಲಿಗೆ ಯಂತ್ರ.

"ಏನಲೇ, ಊರ ಮಂದಿ ಜಂಪರ್ ಹೊಲಿಯಾಕ ನಿಂತಿಯೇನು?" ಎಂದು ಚಹಾದಂಗಡಿಯವನು ಕಾಡಿದ.

"ಮೊದಲ ನಿನ್ನ ಬಾಯಿ ಹೊಲಿತಾನ, ತಡಿ!" ಎಂದ ಅಣ್ಣ. ಅತ್ತಿಗೆ ತೀರಿದಂದಿನಿಂದ ನಮ್ಮ ಜೊತೆಗೇ ಉಣ್ಣುತ್ತಿದ್ದ ಅವನು, ಮೊಣಕಾಲು ನೋವು ಇಟ್ಟುಕೊಂಡೇ ವಾರ್ಡಿನ ಮನೆಮನೆಗೆ ನಡೆದ.

ಎಣಿಕೆ ಟಿಕೋಟಾದಲ್ಲಿ. ಅಧಿಕಾರಿ ಒಂದು ಮತಪತ್ರವನ್ನು ಬದಿಗಿಟ್ಟರು. ಹೊಲಿಗೆ ಯಂತ್ರದ ಮೇಲೆ ಮುದ್ರೆ ಸರಿಯಾಗಿ ಬಿದ್ದಿತ್ತು, ಅದರ ಪಕ್ಕದಲ್ಲಿ ಹೆಬ್ಬೆಟ್ಟಿನ ಗುರುತು. ಹಾಕಿದವರು ಯಾರೆಂದು ತಿಳಿಯುವಂತಿದ್ದರೆ ಆ ಮತ ನಡೆಯದು ಎಂದರು.

"ಯಾವ ಕತ್ತೆ ಒತ್ತೇತ್ರಿ ಇದನ್ನ?" ಎಂದು ನಾನು ಕೂಗಿದೆ. ಆಮೇಲೆ ಬಗ್ಗಿ ನೋಡಿದೆ. ಹೆಬ್ಬೆಟ್ಟಿನ ನಡುವೆ ಅಡ್ಡ ಗೆರೆ. ದನದ ಮೇವಿನ ಕಣಕಿ ಕತ್ತರಿಸುವ ಯಂತ್ರಕ್ಕೆ ಸಿಕ್ಕು ಹೊಲಿಗೆ ಬಿದ್ದ ಬೆರಳು ನಮ್ಮ ವಾರ್ಡಿನಲ್ಲಿ ಒಂದೇ ಇತ್ತು.

ಒಂದು ಮತದಿಂದ ಸೋತೆ.

ಅಣ್ಣ ನಮ್ಮೂರ ಬಸ್ ನಿಲ್ದಾಣದಲ್ಲಿ ಗುಲಾಲಿನ ಚೀಲ ಹಿಡಿದು ಕಾಯುತ್ತಿದ್ದ. ಊರವರ ಎದುರಿಗೇ ಕೇಳಿದೆ.

"ಹೆಬ್ಬಟ್ಟ ಯಾಕ ಒತ್ತಿದಿ?"

"ಎಲ್ಲಾ ಕಾಗದಕ್ಕೂ ಅದನ್ನ ಒತ್ಕೊಂತ ಬಂದೇನೆಪಾ. ಮುದ್ರಿ ಸಿಕ್ಕಾ ಯಾರರೆ ಹೊಡೀತಾರ. ತಮ್ಮಗ ನಾ ಹಾಕೇನಿ ಅಂತ ಗುರುತು ಬ್ಯಾಡೇನು?"

"ಅಕ್ಷರ ಬರದ ಹೆಡ್ಡ ನೀ! ನನ್ನ ಮುಳುಗಿಸಿದಿ. ಮತ್ತ ನನ್ನ ಮನಿ ಮೆಟ್ಟಿಲ ಹತ್ತಬ್ಯಾಡ."

ಅವನು ಗುಲಾಲಿನ ಚೀಲದ ಬಾಯಿ ಕಟ್ಟಿ, ಪಕ್ಕದ ಬೆಂಚಿನ ಮೇಲಿಟ್ಟು, ಬಂದ ಬಸ್ಸು ಹತ್ತಿದ. ಮಮದಾಪುರದ ತನ್ನ ಮಗಳ ಮನೆಗೆ ಹೋದನೆಂದು ಮರುದಿನ ತಿಳಿಯಿತು. ಹೋಗಿ ಕರೆಯಬೇಕಿತ್ತು. ಸೋತ ನಾಚಿಕೆಗೋ, ಸಿಟ್ಟಿಗೋ, ನಾನು ನಾಲ್ಕು ತಿಂಗಳು ಹೋಗಲಿಲ್ಲ.

ಹೋದಾಗ ಅವನು ಕೆರೆಯ ದಂಡೆಯ ಮೇಲೆ ಅಳಿಯನ ಕುರಿ ಕಾಯುತ್ತ ಕೂತಿದ್ದ. ಕಾಲು ಮುಟ್ಟಿದೆ. ಕಾಲು ಹಿಂದಕ್ಕೆ ತೆಗೆದುಕೊಂಡ.

"ತಪ್ಪಾಗೇತಿ, ಯಣ್ಣಾ. ಮನಿಗೆ ನಡಿ."

"ನೀ ಸಾಲಿ ಕಲೀಲಿ ಅಂತ ನಾ ಹೊಲದಾಗ ಗಳೆ ಹೊಡದೆ. ಅದ ಸಾಲಿ ಕಲ್ತು ನನಗ ಹೆಡ್ಡ ಅಂದಿ."

"ಸಿಟ್ಟಿನಾಗ ಅಂದ್ನೆಪಾ."

"ಇರಲಿ. ಇಲ್ಲೇ ಓಟಿನ ಪಟ್ಟಿಗೆ ಹೆಸರ ಹಚ್ಚಿಸೇನಿ. ನಂದು ಇನ್ನ ಬಬಲೇಶ್ವರ ತಾಲೂಕ." ಒಂದು ಕುರಿ ಬೇರೆಯವರ ಹೊಲಕ್ಕೆ ನುಗ್ಗಿತ್ತು. ಅದನ್ನು ಹೊಡೆಯಲು ಎದ್ದು ಹೋದವನು ತಿರುಗಿ ನನ್ನತ್ತ ಬರಲಿಲ್ಲ.

ಆಮೇಲೆ ಎರಡು ಸಲ ಹೋದೆ. ಮಗಳು ಊಟಕ್ಕೆ ಬಡಿಸಿದಳು. ಅವನು ನನ್ನ ಪಂಕ್ತಿಯಲ್ಲಿ ಕೂರಲಿಲ್ಲ. ಹೋದ ಚಳಿಗಾಲದಲ್ಲಿ ಅವನು ತೀರಿದ. ಅಲ್ಲಿಯೇ ಮಣ್ಣಾದ.

ಈಗ ನನ್ನ ಬಳಿ ನಾಲ್ಕು ಎಕರೆ ದ್ರಾಕ್ಷಿ ಪಡ ಇದೆ. ಒಂದು ಟ್ರ್ಯಾಕ್ಟರ್, ಎರಡು ಎಮ್ಮೆ, ಆರು ಕೋಣೆಯ ಮನೆ. ಅಣ್ಣನಿದ್ದಾಗ ಐವರು ಉಣ್ಣುತ್ತಿದ್ದ ಮನೆಯಲ್ಲಿ ನಾವು ನಾಲ್ಕು ಜನ.