ಚೆಂಡುಹೂವಿನ ದಾರಿಯಲ್ಲಿ ಸಿಕ್ಕ ಉಂಡೆ

ಅವತ್ತು ಬೆಳಿಗ್ಗೆ ಎಂದಿನಂತೆ ಹಾಲು ಕಾಯಿಸಿ, ಚಿತ್ರಾನ್ನ ಕಲಸಿ, ಯಜಮಾನರ ಡಬ್ಬಿಗೆ ತುಂಬಿ ಅವರನ್ನು ಗುಂಡ್ಲುಪೇಟೆ ಬಸ್ಸಿಗೆ ಕಳಿಸಿದೆ. ಬಾಗಿಲು ತೊಳೆದು ರಂಗೋಲಿ ಎಳೆಯುವಾಗ ನಾಯಿ ಗೇಟಿನ ಹತ್ತಿರ ಕೂತು ನನ್ನ ಕೈಯನ್ನೇ ನೋಡುತ್ತಿತ್ತು. ಕೊನೆಯ ಎಳೆ ಮುಗಿದು ನಾನು ಸೆರಗಿಗೆ ಕೈ ಒರೆಸಿಕೊಂಡರೆ ವಾಕಿಂಗಿಗೆ ಹೊರಟೆವು ಎಂದು ಅದರ ಲೆಕ್ಕ. ಜಾತಿನಾಯಿ ಏನಲ್ಲ. ಕಂದು ಮೈಯ, ಬಾಲದ ತುದಿ ಮಾತ್ರ ಬೆಳ್ಳಗಿರುವ ಬೀದಿನಾಯಿ. ಮರಿಯಾಗಿದ್ದಾಗ ತಾನೇ ನಮ್ಮ ಮನೆಗೆ ಬಂದು ಉಳಿದದ್ದು.

ತೆರಕಣಾಂಬಿಯ ಹೊರಗೆ ನಮ್ಮ ಬೀದಿ ಮುಗಿದ ಮೇಲೆ ಗಾಡಿದಾರಿ ಶುರುವಾಗುತ್ತದೆ. ಮಳೆಗಾಲದ ಮೊದಲಲ್ಲಿ ಅದರ ಎರಡೂ ಕಡೆ ಚೆಂಡುಹೂವಿನ ಹೊಲ. ಕಿತ್ತಳೆ ಬಣ್ಣ ಕಣ್ಣು ಕೋರೈಸುವಷ್ಟು. ಆಚೆಗೆ ಅರಿಶಿನದ ಹೊಲ, ಅದರಾಚೆ ನೀಲಿಯಾಗಿ ಬೆಟ್ಟದ ಸಾಲು, ಅಲ್ಲಿಂದಾಚೆ ಕಾಡು. ಕೇರಳದ ಕಡೆಯವರು ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುವುದು ಇಂಥ ಕಡೆಯೇ. ನನಗೆ ಮಾತ್ರ ಹೂವಿಗಿಂತ ಎಲೆಯ ವಾಸನೆ ಇಷ್ಟ. ನಾಯಿ ಗಿಡಕ್ಕೆ ಮೈ ಉಜ್ಜಿಕೊಂಡು ಬಂದರೆ ಮಧ್ಯಾಹ್ನದವರೆಗೂ ಮನೆಯಲ್ಲಿ ಆ ವಾಸನೆ ಇರುತ್ತದೆ.

ದಾರಿ ಕವಲೊಡೆಯುವಲ್ಲಿ ಒಂದು ಉಂಡೆ ಬಿದ್ದಿತ್ತು. ನಾನು ಕೂಡಲೇ ಮುಖ ತಿರುಗಿಸಿದೆ. ಮೂರು ದಾರಿ ಸೇರುವ ಕಡೆ ದೃಷ್ಟಿ ನಿವಾಳಿಸಿದ ಅನ್ನದುಂಡೆ ಹಾಕುವುದು ನಮ್ಮಲ್ಲಿ ವಾಡಿಕೆ. ಅದನ್ನು ದಾಟಬಾರದು, ದಿಟ್ಟಿಸಬಾರದು ಎಂದು ಅತ್ತೆ ಮದುವೆಯಾದ ಹೊಸತರಲ್ಲೇ ಹೇಳಿಕೊಟ್ಟಿದ್ದರು. ಕಾನ್ವೆಂಟಿನಲ್ಲಿ ಓದಿ ಬಂದವಳಿಗೆ ಇದೆಲ್ಲ ತಿಳಿಯದು ಎಂದು ಅವರಿಗೆ ಅನುಮಾನ. ಅದಕ್ಕೇ ನಾನು ಬೇರೆಯವರಿಗಿಂತ ಹೆಚ್ಚು ನಿಷ್ಠೆಯಿಂದ ಪಾಲಿಸುತ್ತಿದ್ದೆ. ಉಂಡೆಯನ್ನು ಬಳಸಿ, ಹೂವಿನ ಕಡೆ ನೋಡುತ್ತಾ ಮುಂದೆ ನಡೆದೆ.

ತಿರುಗಿ ನೋಡಿದಾಗ ಅದು ನಾಯಿಯ ಬಾಯಲ್ಲಿತ್ತು.

ಆಗ ಕಂಡದ್ದು ದಾರ. ಉಂಡೆಯ ಸುತ್ತ ಬಿಗಿಯಾಗಿ ಸುತ್ತಿದ ದಾರ, ಅದರ ಮೇಲೆ ಮೆತ್ತಿದ ಹಿಟ್ಟು. ಕುಂಕುಮವಿಲ್ಲ, ಅರಿಶಿನವಿಲ್ಲ. ರಾತ್ರಿ ತುಂತುರು ಬಿದ್ದಿತ್ತು; ಅನ್ನವಾಗಿದ್ದರೆ ಒಡೆದು ಹರಡಿರಬೇಕಿತ್ತು. ಕಾಡುಹಂದಿ ಹೊಡೆಯಲು ಕೆಲವರು ಸಿಡಿಮದ್ದನ್ನು ಹೀಗೆ ತಿನ್ನುವ ಪದಾರ್ಥದಲ್ಲಿ ಮುಚ್ಚಿ ಇಡುತ್ತಾರೆ. ಕಚ್ಚಿದರೆ ಸಿಡಿಯುತ್ತದೆ. ಪುಣಜನೂರಿನ ಕಡೆ ಒಂದು ಹಸುವಿನ ದವಡೆಯೇ ಹಾರಿಹೋದದ್ದನ್ನು ಯಜಮಾನರು ಊಟದ ಹೊತ್ತಿನಲ್ಲಿ ಹೇಳಿದ್ದರು, ನಾನು ಅನ್ನ ಬಿಟ್ಟು ಎದ್ದಿದ್ದೆ.

ಕೂಗಲು ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಈ ನಾಯಿಯ ಸ್ವಭಾವ ನನಗೆ ಗೊತ್ತು. ಚಪ್ಪಲಿ ಕಚ್ಚಿಕೊಂಡಾಗ ಗದರಿದರೆ ಹಲ್ಲು ಬಿಗಿ ಮಾಡಿ ಓಡುತ್ತದೆ, ಅದಕ್ಕೆ ಆಟ. ನಾವು ಗಮನ ಕೊಡದೆ ಬೆನ್ನು ಹಾಕಿದರೆ ಬೇಜಾರಾಗಿ ಹಿಂದೆ ಬಂದು ಕಾಲ ಬಳಿ ಇಡುತ್ತದೆ.

ಹೊಲದಲ್ಲಿ ಹೂ ಕೀಳುತ್ತಿದ್ದ ಹೆಂಗಸೊಬ್ಬಳು ನನ್ನ ಮುಖ ನೋಡಿಯೋ ಏನೋ ಎದ್ದು ನಿಂತಳು. ನಾಯಿಯನ್ನು ನೋಡಿದಳು. ಅವಳಿಗೂ ಅರ್ಥವಾಯಿತು.

"ಕಲ್ ಬೀರಿ ಅಮ್ಮಾವ್ರೆ, ಬುಟ್ ಓಡೋಯ್ತದ," ಎಂದಳು.

ಕಲ್ಲು ಎಸೆಯುವುದು ಬೇಡ ಎಂದು ಕೈ ಆಡಿಸಿದೆ.

"ನಾಯಿ ತಾನೆ, ಓಗ್ಲಿ ಬುಡಿ. ನೀವ್ ಈಕಡ ಬನ್ನಿ."

ನಾನು ಬೆನ್ನು ತಿರುಗಿಸಿ ನಡೆದೆ. ಹಿಂದೆ ಒದ್ದೆ ಮಣ್ಣಿನ ಮೇಲೆ ಪಾದಗಳ ಸದ್ದು. ಅದು ನಿಂತರೆ ನನ್ನ ಉಸಿರೂ ನಿಲ್ಲುತ್ತಿತ್ತು. ನಾಯಿ ಕೂತಿತೇ, ಮುಂಗಾಲಲ್ಲಿ ಒತ್ತಿ ಹಿಡಿದು ಕಡಿಯುತ್ತಿದೆಯೇ ಎಂದು ತಿರುಗಿ ನೋಡುವಂತಿಲ್ಲ. ನೋಡಿದರೆ ಆಟ ಶುರು. ಹೂವಿನ ಮೇಲೆ ಒಂದು ಜೇನು ಕೂತು ಹಿಂಗಾಲು ಉಜ್ಜುತ್ತಿತ್ತು; ಅದನ್ನು ಈಗಲೂ ಬಿಡಿಸಿ ಹೇಳಬಲ್ಲೆ. ಮನೆದೇವರನ್ನು ನೆನೆಯಬೇಕೆಂದುಕೊಂಡರೆ ನಾಲಿಗೆಗೆ ಬಂದದ್ದು ಸಿಸ್ಟರ್‌ಗಳು ಅಸೆಂಬ್ಲಿಯಲ್ಲಿ ಹೇಳಿಸುತ್ತಿದ್ದ ಇಂಗ್ಲಿಷ್ ಪ್ರಾರ್ಥನೆ. ಅದೂ ಅರ್ಧಕ್ಕೇ ಮರೆತುಹೋಗಿ ಮತ್ತೆ ಮೊದಲಿಂದ ಶುರು ಮಾಡುತ್ತಿದ್ದೆ.

ಹಿಮ್ಮಡಿಗೆ ಒದ್ದೆ ಮೂಗು ತಾಗಿತು. ಆಮೇಲೆ ಏನೋ ಭಾರವಾದದ್ದು ಚಪ್ಪಲಿಯ ಪಕ್ಕ ಮೆತ್ತಗೆ ಬಿತ್ತು. ನಾನು ಬಗ್ಗಿ ನಾಯಿಯ ಕುತ್ತಿಗೆ ಪಟ್ಟಿ ಹಿಡಿದೆ, ಹಿಡಿದವಳು ಓಡಿದೆ. ಎಷ್ಟು ದೂರವೋ ಗೊತ್ತಿಲ್ಲ. ನಿಂತಾಗ ನಾಯಿ ಬಾಲ ಆಡಿಸುತ್ತಾ, ಇನ್ನೊಮ್ಮೆ ಓಡೋಣವೇ ಎನ್ನುವಂತೆ ನೋಡಿತು.

ಆ ಹೆಂಗಸು ದಾರಿಗೆ ಅಡ್ಡಲಾಗಿ ಮುಳ್ಳುಕೊಂಬೆ ಎಳೆದು, ಆಡು ಹೊಡೆದುಕೊಂಡು ಬರುವವರಿಗೆ ಹೇಳಲು ಅಲ್ಲೇ ಕೂತಳು. ನಾನು ಯಜಮಾನರಿಗೆ ಫೋನ್ ಮಾಡಿದೆ. ಅವರು ಅರಣ್ಯ ಇಲಾಖೆಗೆ ಮಾಡಿದರು. ಮಧ್ಯಾಹ್ನ ಜೀಪಿನಲ್ಲಿ ಬಂದವರು ಉಂಡೆಯನ್ನು ಒಯ್ದರಂತೆ, ಮದ್ದೇ ಹೌದು ಎಂದರಂತೆ.

ಮನೆಯಲ್ಲಿ ನಾಯಿಯ ಬಾಯಿ ಬಿಡಿಸಿ ಒಂದೊಂದೇ ಹಲ್ಲು ನೋಡಿದೆ. ಹಿಂದಿನ ಹಲ್ಲಿನ ಸಂದಿಯಲ್ಲಿ ಒಂದೆಳೆ ದಾರ ಸಿಕ್ಕಿಕೊಂಡಿತ್ತು. ಕಚ್ಚಲು ಶುರು ಮಾಡಿತ್ತು ಎಂದಾಯಿತು. ಅದನ್ನು ಬಿಡಿಸುವಾಗ ನಾಯಿ ನನ್ನ ಬೆರಳನ್ನೇ ನೆಕ್ಕಿತು.

ಸಂಜೆಯ ಹೊತ್ತಿಗೆ ಸ್ವಲ್ಪ ಧೈರ್ಯ ಬಂದಿತ್ತು. ವಾಕಿಂಗ್ ಬಿಟ್ಟುಬಿಡು ಎಂದು ಯಜಮಾನರು ಹೇಳಿದರು. ಅದನ್ನು ನಾಯಿಗೆ ಹೇಗೆ ತಿಳಿಸುವುದು? ಗಾಡಿದಾರಿ ಬಿಟ್ಟು ನಾಳೆಯಿಂದ ಕೆರೆ ಏರಿಯ ಕಡೆ ಹೋಗುವುದು, ಉಂಡೆಯಂತೂ ಹೋಯಿತಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕಾಂಪೌಂಡಿನಾಚೆ ಪಕ್ಕದ ಮನೆಯ ಅಜ್ಜಿ ಸೊಪ್ಪು ಸೋಸುತ್ತಾ ಕೂತಿದ್ದರು. ಅವರಿಗೂ ನಡೆದದ್ದನ್ನೆಲ್ಲ ಹೇಳಿ, ನಾಳೆಯಿಂದ ಏರಿ ಮೇಲೆ ಹೋಗುತ್ತೇನೆ ಎಂದೆ. ಅವರು ತಲೆ ಎತ್ತಲಿಲ್ಲ. ಕೊಳೆತ ಎಲೆಯೊಂದನ್ನು ಆಚೆ ಎಸೆದರು.

"ಹಂದಿ ಹೊಡಿಯೋರು ಒಂದ್ನೇ ಇಟ್ಟೋದಾರೇನವ್ವ? ಏರಿ ಮ್ಯಾಲೂ ಇಟ್ಟಿರ್ತರ ಬುಡು."